ದರಿಯಾ ದೌಲತ್: ಒಂದು ಮನೆ, ಹಲವು ಒಡೆಯರು



ಶಾಲೆಯ ಪ್ರವಾಸದಲ್ಲಿ ಶ್ರೀರಂಗಪಟ್ಟಣವನ್ನು ನೋಡಿ ಬಂದವರು ನಿಮ್ಮಲ್ಲಿ ಹಲವರಿರಬಹುದು. ಕೋಟೆಯ ಹೊರಗೆ, ಕಾವೇರಿಯ ದಂಡೆಯ ಮೇಲೆ, ತೋಟದ ನಡುವೆ ನಿಂತಿರುವ ದರಿಯಾ ದೌಲತ್ ಅರಮನೆಯನ್ನು ನೋಡಿ, ಟಿಪ್ಪು ಸುಲ್ತಾನ ಕಟ್ಟಿಸಿದ್ದು ಎಂದು ಬರೆದುಕೊಂಡು ಬಂದಿರುತ್ತೀರಿ. ಅದು ನಿಜ. ಆದರೆ ಟಿಪ್ಪುವಿನ ಕೈಯಲ್ಲಿ ಅದು ಇದ್ದದ್ದು ಹದಿನೈದು ವರ್ಷ ಮಾತ್ರ. ಆಮೇಲಿನ ಎರಡು ಶತಮಾನಗಳಲ್ಲಿ ಅದು ಯಾರು ಯಾರ ಕೈ ಸೇರಿತು, ಹೇಗೆ ಉಳಿಯಿತು ಎಂಬುದೇ ಇಂದಿನ ಮಾತಿನ ವಿಷಯ.

ಈ ಅರಮನೆ ನಿರ್ಮಾಣವಾದದ್ದು 1784ರಲ್ಲಿ. 'ದರಿಯಾ' ಎಂದರೆ ಸಮುದ್ರ ಅಥವಾ ದೊಡ್ಡ ನದಿ. 'ದೌಲತ್' ಎಂದರೆ ಸಂಪತ್ತು. ರಾಜ್ಯದ ಮುಖ್ಯ ಅರಮನೆ ಕೋಟೆಯ ಒಳಗಿತ್ತು. ಇದು ಬೇಸಿಗೆಯಲ್ಲಿ ತಂಪಾಗಿ ಕಾಲ ಕಳೆಯಲು ಕಟ್ಟಿದ್ದು. ಎತ್ತರದ ಜಗಲಿ, ಅದರ ಮೇಲೆ ತೇಗದ ಮರದ ಕಂಬಗಳು, ಸುತ್ತಲೂ ಅಗಲವಾದ ಮೊಗಸಾಲೆ. ಕಲ್ಲಿನ ಭಾರವಿಲ್ಲದ, ಗಾಳಿ ಬೆಳಕು ಓಡಾಡುವ ಕಟ್ಟಡ. ಒಳಗೂ ಹೊರಗೂ ಗೋಡೆ, ಕಂಬ, ಕಮಾನುಗಳ ಮೇಲೆಲ್ಲ ಬಣ್ಣದ ಬಳ್ಳಿ, ಹೂವುಗಳ ಚಿತ್ತಾರ.

ಪಶ್ಚಿಮದ ಗೋಡೆಯ ಮೇಲೆ ದೊಡ್ಡದೊಂದು ಯುದ್ಧದ ಚಿತ್ರವಿದೆ. ಅದು 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ನಡೆದ ಪೊಳ್ಳಿಲೂರು ಯುದ್ಧ. ಹೈದರ್ ಅಲಿ ಮತ್ತು ಟಿಪ್ಪುವಿನ ಸೈನ್ಯ ಅಲ್ಲಿ ಕರ್ನಲ್ ಬೇಲಿಯ ನಾಯಕತ್ವದ ಕಂಪನಿಯ ಪಡೆಯನ್ನು ಸುತ್ತುವರಿದು ಸೋಲಿಸಿತು. ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಟಿಪ್ಪುವಿನ ಪಾಲಿಗೆ ಇದು ತನ್ನ ಮನೆಯ ಗೋಡೆಯ ಮೇಲೆ ಬರೆಸಿದ ವಿಜಯಪತ್ರ.

ಆದರೆ ಕಾಲ ತಿರುಗಿತು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರ ಮೇ 4ರಂದು ಕೋಟೆ ಬಿದ್ದು ಅವನು ಹೋರಾಡುತ್ತಲೇ ಮಡಿದ. ಮೈಸೂರಿನ ಸಿಂಹಾಸನಕ್ಕೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. ಆದರೆ ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತಾನೇ ಇಟ್ಟುಕೊಂಡಿತು.

ಹೀಗೆ ದರಿಯಾ ದೌಲತ್ತಿಗೆ ಹೊಸ ಒಡೆಯ ಬಂದ. ಪಟ್ಟಣದ ಆಡಳಿತ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇಲ್ಲಿ ವಾಸವಾಗಿದ್ದ. ಮುಂದೆ 1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್‌ಟನ್ ಇವನೇ. ಮುತ್ತಿಗೆಗೆ ಮುಂಚೆಯೇ ಗೋಡೆಯ ಚಿತ್ರಗಳು ಕೆಟ್ಟುಹೋಗಿದ್ದವು. ಅವನ್ನು ಸರಿಪಡಿಸಿದವನು ವೆಲ್ಲೆಸ್ಲಿ. ಸ್ವಲ್ಪ ಯೋಚಿಸಿ: ಅದು ಅವನ ಪಕ್ಷದವರೇ ಸೋತ ಯುದ್ಧದ ಚಿತ್ರ! ಗೆದ್ದವನು ಬಯಸಿದ್ದರೆ ಅಳಿಸಿಹಾಕಬಹುದಿತ್ತು. ಬಲಶಾಲಿಯಾದ ಶತ್ರುವಿನ ಗುರುತು ಉಳಿದರೆ ಗೆದ್ದವನ ಹಿರಿಮೆಯೂ ಹೆಚ್ಚುತ್ತದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ವೆಲ್ಲೆಸ್ಲಿ ಹೋದ ಮೇಲೆ ದ್ವೀಪದ ದೆಸೆ ಕೆಟ್ಟಿತು. ಮಲೇರಿಯಾ ಜ್ವರದ ಹಾವಳಿಯಿಂದಾಗಿ 1809ರಲ್ಲಿ ಕಂಪನಿಯ ದಂಡು ಬೆಂಗಳೂರಿಗೆ ಸ್ಥಳಾಂತರವಾಯಿತು. ಕೋಟೆಯೊಳಗಿನ ಅರಮನೆಯನ್ನು ಕೆಡವಲಾಯಿತು; ಈಗ ಅಲ್ಲಿ ಉಳಿದಿರುವುದು ತಳಪಾಯ ಮಾತ್ರ. ಟಿಪ್ಪುವಿನ ಅರಮನೆಯಿಂದ ಕಿತ್ತ ಮರವನ್ನು ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ದರಿಯಾ ದೌಲತ್ತಿಗೆ ಅದೇ ಗತಿ ಬರಲಿಲ್ಲ. ಆದರೆ ಅದರ ಗೋಡೆಗಳಿಗೆ ಸುಣ್ಣ ಬಳಿದರು. ಚಿತ್ರ ಹೆಚ್ಚುಕಡಿಮೆ ಮಾಯವಾಯಿತು.

1855ರಲ್ಲಿ ಮೈಸೂರು ಸೀಮೆಯ ಪ್ರವಾಸಕ್ಕೆ ಬಂದ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ, ವೆಲ್ಲೆಸ್ಲಿ ಇದ್ದ ಈ ಮನೆಯನ್ನು ದುರಸ್ತಿ ಮಾಡಲು ಆಜ್ಞೆ ಮಾಡಿದ. ಮೂಲ ಚಿತ್ರಗಳನ್ನು ಬಲ್ಲ ಒಬ್ಬ ಭಾರತೀಯ ಕಲಾವಿದನೇ ದೊರೆತದ್ದು ಅದೃಷ್ಟ. ಅವನು ಅವನ್ನು ಮತ್ತೆ ಬರೆದ. ಅಂದರೆ ಇಂದು ನಾವು ನೋಡುವ ಗೋಡೆಯಲ್ಲಿ ಕಲ್ಪನೆ ಟಿಪ್ಪುವಿನ ಕಾಲದ್ದು, ಕುಂಚ ಬಹುಮಟ್ಟಿಗೆ ಆಮೇಲಿನದು. ಇತಿಹಾಸದ ವಿದ್ಯಾರ್ಥಿ ಈ ಎರಡನ್ನೂ ಬೇರ್ಪಡಿಸಿ ನೋಡಬೇಕು. ಅದೇ ಯುದ್ಧವನ್ನು ಕಾಗದದ ಮೇಲೆ ಬರೆದ ಚಿತ್ರಗಳೂ ಇವೆ. ಅವುಗಳಲ್ಲಿ ಒಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡುಗಳಿಗೆ ಮಾರಾಟವಾಯಿತು. ಗೋಡೆಯ ಚಿತ್ರವನ್ನು ಇಂಥವುಗಳೊಡನೆ ಹೋಲಿಸಿ ನೋಡಿದರೆ ಏನು ಉಳಿದಿದೆ, ಏನು ಬದಲಾಗಿದೆ ಎಂದು ವಿಚಾರ ಮಾಡಬಹುದು.

ನೆಲದ ಒಡೆತನದ ಕಥೆಯೂ ಸ್ವಾರಸ್ಯವಾದದ್ದು. ದ್ವೀಪ ಬ್ರಿಟಿಷರದು, ಮೈಸೂರು ಅದನ್ನು ವರ್ಷಕ್ಕೆ 50,000 ರೂಪಾಯಿ ಕೊಟ್ಟು ಗುತ್ತಿಗೆಗೆ ಪಡೆದಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ, ಬೆಂಗಳೂರಿನ ದಂಡಿನ ಪ್ರದೇಶವನ್ನು ಬ್ರಿಟಿಷರು ಪಡೆದು, ಬದಲಿಗೆ ಶ್ರೀರಂಗಪಟ್ಟಣವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಈಗ ಅರಮನೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ; 1959ರಲ್ಲಿ ಇಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು.

ಸುಲ್ತಾನ, ಕಂಪನಿ, ಬ್ರಿಟಿಷ್ ಸರ್ಕಾರ, ಮೈಸೂರು ಸಂಸ್ಥಾನ, ಭಾರತ ಸರ್ಕಾರ: ಇಷ್ಟು ಕೈಗಳನ್ನು ದಾಟಿ ಬಂದ ಈ ಮನೆ ತಾನಾಗಿ ಉಳಿಯಲಿಲ್ಲ. ಪ್ರತಿಯೊಂದು ಹಂತದಲ್ಲಿ ಯಾರೋ ಕೆಡವದೆ ಬಿಟ್ಟದ್ದರಿಂದ, ಯಾರೋ ಸುಣ್ಣದ ಕೆಳಗಿನದನ್ನು ನೆನಪಿಟ್ಟುಕೊಂಡದ್ದರಿಂದ ಉಳಿಯಿತು. ಇಂದು ಅದರ ಒಡೆಯರು ನಾವೇ. ಗೋಡೆಯ ಮೇಲೆ ಮೊಳೆಯಿಂದ ಹೆಸರು ಕೆತ್ತುವವನು ತನ್ನ ಆಸ್ತಿಯನ್ನೇ ಕೆಡಿಸುತ್ತಾನೆ.

ನಿಮ್ಮ ಊರಿನಲ್ಲಿಯೂ ಒಂದು ಹಳೆಯ ಮನೆಯೋ ಛತ್ರವೋ ಇರುತ್ತದೆ. ಕಟ್ಟಿಸಿದವರು ಯಾರು, ಆಮೇಲೆ ಯಾರ ಕೈ ಸೇರಿತು, ಅವರು ಏನನ್ನು ತೆಗೆದರು, ಏನನ್ನು ಉಳಿಸಿದರು? ಹಿರಿಯರನ್ನು ಕೇಳಿ, ಹಳೆಯ ಕಾಗದಪತ್ರಗಳನ್ನು ನೋಡಿ, ನೋಟ್ ಪುಸ್ತಕದಲ್ಲಿ ಬರೆದಿಡಿ. ಇತಿಹಾಸದ ಅಭ್ಯಾಸ ಅಲ್ಲಿಂದಲೇ ಆರಂಭವಾಗಲಿ.