ವೈನ್ ಶಾಪ್ ಬರುವ ಮುಂಚೆಯೇ ಟೇಪು ಹಿಡಿಯಿರಿ!

(ಬಡಾವಣೆಯ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕುಡಿತದ ವಿರುದ್ಧ ಉಪದೇಶ ಮಾಡಲು ಬಂದವನಲ್ಲ. ಓದಿದ್ದು ಪಿಯುಸಿ, ಮಾಡುವುದು ಅಚ್ಚಿನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ ಅಚ್ಚು ಹಾಕುವ ಹಾಗೆಯೇ ಬಾರ್‌ಗಳ ಮೆನು ಕಾರ್ಡನ್ನೂ ಅಚ್ಚು ಹಾಕುತ್ತೇನೆ. ಅವರೂ ದುಡ್ಡು ಕೊಡುತ್ತಾರೆ. ನಮ್ಮ ಹೋರಾಟಗಾರರಿಗಿಂತ ಬೇಗ ಕೊಡುತ್ತಾರೆ! ಕುಡಿಯುವವನು ಕುಡಿಯಲಿ, ಕಾನೂನು ಒಪ್ಪಿದ ಜಾಗದಲ್ಲಿ ಮಾರುವವನು ಮಾರಲಿ. ನನ್ನ ತಕರಾರು ಬೇರೆ. ಒಂದು ಬೀದಿಗೆ ಮದ್ಯದಂಗಡಿ ಬರುತ್ತಿದೆ ಎಂಬ ಸುದ್ದಿ ಕಟ್ಟಡದ ಮಾಲೀಕನಿಗೆ ಗೊತ್ತು, ದಲ್ಲಾಳಿಗೆ ಗೊತ್ತು, ಕಚೇರಿಯ ಗುಮಾಸ್ತನಿಗೆ ಗೊತ್ತು. ಆ ಬೀದಿಯಲ್ಲಿ ಬದುಕುವವರಿಗೆ ಮಾತ್ರ ಷಟರ್ ಎತ್ತಿದ ದಿನ ಗೊತ್ತಾಗುತ್ತದೆ. ಇದು ಯಾಕೆ ಹೀಗೆ?

"ಹೊಸ ವೈನ್ ಶಾಪ್ ಬಂತು" ಅನ್ನುತ್ತೇವೆ. ಬಹಳ ಸಲ ಅದು ಹೊಸದಲ್ಲ. ಎಲ್ಲೋ ಇದ್ದ ಹಳೆಯ ಸನ್ನದು ಜಾಗ ಬದಲಾಯಿಸಿಕೊಂಡು ಬಂದಿರುತ್ತದೆ. ಹೊಸ ಸನ್ನದು ಸುಲಭವಾಗಿ ಸಿಗದ ರಾಜ್ಯ ನಮ್ಮದು. ಅದಕ್ಕೇ ಹಳೆಯ ಸನ್ನದಿಗೆ ಚಿನ್ನದ ಬೆಲೆ. ಸನ್ನದು ಅಂದರೆ ಲೈಸೆನ್ಸು. ಸನ್ನದು, ಅಬಕಾರಿ, ಎರಡೂ ಪರ್ಷಿಯನ್ನಿನಿಂದ ಬಂದು ಕನ್ನಡದ್ದೇ ಆಗಿಹೋದ ಪದಗಳು. ಕಚೇರಿಗೆ ಹೋದಾಗ ಈ ಪದಗಳನ್ನೇ ಬಳಸಿ. ವಿಷಯ ತಿಳಿದುಕೊಂಡು ಬಂದವನು ಎಂದು ಗುಮಾಸ್ತ ತಲೆ ಎತ್ತಿ ನೋಡುತ್ತಾನೆ.

ಇದೆಲ್ಲ ನಡೆಯುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಮತ್ತು ಅದರ ಕೆಳಗೆ 1967, 1968ರಲ್ಲಿ ಬಂದ ನಿಯಮಗಳ ಪ್ರಕಾರ. ಸನ್ನದುಗಳಲ್ಲಿ ಬಗೆಗಳಿವೆ. ನಾವು ವೈನ್ ಶಾಪ್ ಅನ್ನುವುದು ಸಿಎಲ್-2. ಅಲ್ಲಿ ಸೀಲು ಒಡೆಯದ ಬಾಟಲಿ ಮಾರಬೇಕು, ಅಲ್ಲೇ ನಿಂತು ಕುಡಿಯುವ ಹಾಗಿಲ್ಲ. ಕೂತು ಕುಡಿಯುವ ಬಾರ್ ಸಿಎಲ್-9. ವಸತಿಗೃಹಕ್ಕೆ ಸಿಎಲ್-7, ಕ್ಲಬ್ಬಿಗೆ ಸಿಎಲ್-4. ಯಾರ ಹೆಸರಿಗೆ, ಯಾವ ಬಗೆ, ಯಾವ ಜಾಗ ಎಂಬುದು ಸನ್ನದಿನಲ್ಲಿ ಗೊತ್ತಾಗಿರುತ್ತದೆ. ಜಾಗ ಅಂದರೆ ಬರೀ ಬೀದಿಯ ಹೆಸರಲ್ಲ, ಚಕ್ಕುಬಂದಿ. ಹೆಸರು ವರ್ಗಾಯಿಸಬೇಕಾದರೂ, ಬೇರೆ ಬೀದಿಗೆ ಹೋಗಬೇಕಾದರೂ, ಪಕ್ಕದ ಮಳಿಗೆಯನ್ನು ಸೇರಿಸಿಕೊಳ್ಳಬೇಕಾದರೂ ಅರ್ಜಿ ಹಾಕಬೇಕು. ಸ್ಥಳಾಂತರದ ಅರ್ಜಿ ಬಂದರೆ ಅಬಕಾರಿ ನಿರೀಕ್ಷಕರು ಸ್ಥಳ ನೋಡಿ, ದೂರ ಅಳೆದು, ನಕ್ಷೆ ಮತ್ತು ವರದಿ ಕೊಡುತ್ತಾರೆ. ಕಡತ ಜಿಲ್ಲಾ ಮಟ್ಟಕ್ಕೆ ಹೋಗಿ ಆದೇಶವಾಗುತ್ತದೆ. ಇಷ್ಟು ಕೆಲಸ ನಡೆಯುವಾಗ ಬೀದಿಯವರು ಎಲ್ಲಿದ್ದರು? ಬೀದಿಯಲ್ಲೇ ಇದ್ದರು. ಯಾರೂ ಅವರನ್ನು ಕೇಳಲಿಲ್ಲ!

ನನ್ನ ಪ್ರೆಸ್ಸಿಗೆ ಇಂಥ ಬೀದಿಗಳ ಹುಡುಗರು ಬರುತ್ತಲೇ ಇರುತ್ತಾರೆ. ರಾತ್ರಿ ಎಂಟು ಗಂಟೆಗೆ ಬಂದು, "ಅಣ್ಣಾ, ಬೆಳಿಗ್ಗೆ ಪ್ರತಿಭಟನೆ, ಸಾವಿರ ಕರಪತ್ರ ಬೇಕು" ಅನ್ನುತ್ತಾರೆ. ಕೈಬರಹದ ಪ್ರತಿ ಓದಿದರೆ ಬೆಂಕಿ! "ಮದ್ಯದ ದೊರೆಗಳಿಗೆ ಧಿಕ್ಕಾರ", "ಅಧಿಕಾರಿಗಳೇ ಎಚ್ಚರ". ಕೊನೆಯಲ್ಲಿ ಹತ್ತು ಮುಖಂಡರ ಹೆಸರು. ಅಂಗಡಿಯ ಸನ್ನದು ಸಂಖ್ಯೆ ಇಲ್ಲ, ಬಗೆ ಗೊತ್ತಿಲ್ಲ, ಶಾಲೆಯಿಂದ ಎಷ್ಟು ಮೀಟರ್ ಎಂದು ಇಲ್ಲ. ಅಂಗಡಿ ಆಗಲೇ ತೆರೆದು ಹದಿನೈದು ದಿನ ಆಗಿರುತ್ತದೆ. ನಾನು ಅಚ್ಚು ಹಾಕಿ ಕೊಡುತ್ತೇನೆ, ಅದು ನನ್ನ ಕಸುಬು. ಆದರೆ ಆದೇಶ ಕೈಯಲ್ಲಿ ಹಿಡಿದು ಕೂತ ಸನ್ನದುದಾರನನ್ನು ಘೋಷಣೆಯಿಂದ ಎಬ್ಬಿಸುವುದು ಕಷ್ಟ. ಆದೇಶ ಆಗುವ ಮುಂಚೆ ಒಂದು ಹಾಳೆ ಆಕ್ಷೇಪಣೆ ಕೊಟ್ಟಿದ್ದರೆ ಅದು ಕಡತದೊಳಗೆ ಕೂರುತ್ತಿತ್ತು. ಅಧಿಕಾರಿ ಅದಕ್ಕೆ ಏನಾದರೂ ಷರಾ ಬರೆಯಬೇಕಾಗುತ್ತಿತ್ತು.

ಬೇರೆ ಕಡೆ ಇದನ್ನು ಹೇಗೆ ಮಾಡುತ್ತಾರೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಆಕ್ಟ್ ಇದೆ. ಅಲ್ಲಿ ಒಂದು ಪಬ್ ತನ್ನ ಲೈಸೆನ್ಸಿನ ಷರತ್ತು ಬದಲಾಯಿಸಬೇಕಾದರೆ, ರಾತ್ರಿ ಇನ್ನೊಂದು ಗಂಟೆ ತೆರೆದಿಡಬೇಕು ಅಂತಲೋ ಹಿತ್ತಲಲ್ಲೂ ಮಾರಬೇಕು ಅಂತಲೋ, ಸ್ಥಳೀಯ ಕೌನ್ಸಿಲಿಗೆ ಅರ್ಜಿ ಹಾಕಬೇಕು. ಜೊತೆಗೆ ಅಂಗಡಿಯ ಮುಂದೆ ನೋಟೀಸು ಅಂಟಿಸಬೇಕು. ಆ ನೋಟೀಸಿನ ನಿಯಮ ಕೇಳಿದರೆ ಅಚ್ಚಿನವನಾದ ನನಗೆ ಖುಷಿಯಾಗುತ್ತದೆ. ಕಾಗದ ಎ4ಗಿಂತ ಚಿಕ್ಕದಿರಬಾರದು. ಬಣ್ಣ ತಿಳಿನೀಲಿ. ಶಾಯಿ ಕಪ್ಪು. ಅಕ್ಷರ 16 ಪಾಯಿಂಟಿಗಿಂತ ಕಡಿಮೆ ಇರಬಾರದು. ಜಾಗ 50 ಚದರ ಮೀಟರಿಗಿಂತ ದೊಡ್ಡದಿದ್ದರೆ ರಸ್ತೆಯ ಬದಿಗೆ ಪ್ರತಿ 50 ಮೀಟರಿಗೆ ಇನ್ನೊಂದು ನೋಟೀಸು. 28 ದಿನ ಅದು ಅಲ್ಲೇ ಇರಬೇಕು. ಸಣ್ಣಪುಟ್ಟ ಬದಲಾವಣೆಯಾದರೆ ಬಿಳಿ ಕಾಗದ, ಕೆಲಸದ ದಿನ ಹತ್ತು. ಬೀದಿಯಲ್ಲಿ ಹೋಗುವ ಮುದುಕಿ ಕನ್ನಡಕ ಮರೆತು ಬಂದಿದ್ದರೂ ನೀಲಿ ಕಾಗದ ಕಂಡರೆ ಏನೋ ನಡೀತಿದೆ ಅಂತ ತಿಳಿಯುತ್ತದೆ!

ನಮ್ಮ ದೇಶದಲ್ಲಿ ಸಾರಾಯಿ, ಸೇಂದಿ ಹರಾಜು ಹಾಕಿ ಬೊಕ್ಕಸ ತುಂಬಿಕೊಂಡವರೇ ಅವರು, ಅವರನ್ನು ಹೊಗಳುವ ದರ್ದು ನನಗಿಲ್ಲ. ಅಲ್ಲಿಯೂ ಬೀದಿಯವರು ಸುಮ್ಮನಿದ್ದರೆ ನಡೆಯುವುದಿಲ್ಲ. ಯಾರೂ ಆಕ್ಷೇಪಿಸದಿದ್ದರೆ ಪಬ್ಬಿನವನು ಕೇಳಿದ್ದನ್ನು ಕೌನ್ಸಿಲ್ ಕೊಡಲೇಬೇಕು. ಆಕ್ಷೇಪಣೆ ಬಂದರೆ ಉಪಸಮಿತಿ ಎರಡೂ ಕಡೆಯ ಮಾತು ಕೇಳುತ್ತದೆ. ಆ ಆಕ್ಷೇಪಣೆಯೂ ಅಪರಾಧ ಮತ್ತು ಗಲಭೆ, ಸಾರ್ವಜನಿಕ ಸುರಕ್ಷತೆ, ನೆರೆಯವರಿಗೆ ಉಪದ್ರವ, ಮಕ್ಕಳ ರಕ್ಷಣೆ, ಈ ನಾಲ್ಕಕ್ಕೆ ಸಂಬಂಧಿಸಿರಬೇಕು. "ಕುಡಿತ ಪಾಪ" ಎಂದು ಬರೆದರೆ ಲೆಕ್ಕಕ್ಕಿಲ್ಲ.

ಇನ್ನು ನಮ್ಮ ಊರು. ಇಷ್ಟು ವರ್ಷ ಅಚ್ಚಿನ ಕೆಲಸ ಮಾಡಿದ್ದೇನೆ. "ಈ ಮಳಿಗೆಗೆ ಮದ್ಯದಂಗಡಿ ಸ್ಥಳಾಂತರಕ್ಕೆ ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ತಿಳಿಸಿ" ಎಂಬ ನೋಟೀಸು ಒಂದನ್ನೂ ನಾನು ಅಚ್ಚು ಹಾಕಿಲ್ಲ, ಯಾವ ಬಾಗಿಲ ಮೇಲೂ ನೋಡಿಲ್ಲ. ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಎಂದು 2024ರಲ್ಲಿ ಕಾಯ್ದೆ ತಿದ್ದಿಸಿಕೊಂಡೆವು. ಒಳ್ಳೆಯದೇ ಆಯಿತು. ಆದರೆ ಬೋರ್ಡು ಏರುವುದು ಅಂಗಡಿ ಬಂದ ಮೇಲೆ. ಅಂಗಡಿ ಬರುವ ಮುಂಚಿನ ಕಾಗದ ಕನ್ನಡಿಗನ ಕಣ್ಣಿಗೆ ಬೀಳಬೇಡವೇ? ಸ್ಥಳಾಂತರ ಕೇಳುವವನು ಆ ಕಟ್ಟಡದ ಬಾಗಿಲಿಗೆ ದಪ್ಪ ಕನ್ನಡ ಅಕ್ಷರದಲ್ಲಿ ನೋಟೀಸು ಅಂಟಿಸಲೇಬೇಕು, ಇಂತಿಷ್ಟು ದಿನ ಆಕ್ಷೇಪಣೆಗೆ ಬಿಡಬೇಕು. ಈ ನಿಯಮ ಬೇಕು ಎಂದು ನಾವು ಸರ್ಕಾರವನ್ನು ಕೇಳಬೇಕು. ಇದಕ್ಕೆ ಖಜಾನೆಯಿಂದ ಒಂದು ಪೈಸೆ ಖರ್ಚಿಲ್ಲ.

ಅದು ಬರುವವರೆಗೆ ಕೈಕಟ್ಟಿ ಕೂರಬೇಕೇ? ಬೇಡ. ನಮ್ಮ ಕೈಯಲ್ಲೂ ಒಂದು ಅಸ್ತ್ರ ಇದೆ, ಟೇಪು! 1967ರ ನಿಯಮದ ಪ್ರಕಾರ ದೇವಸ್ಥಾನ, ಮಸೀದಿ, ಚರ್ಚಿನಂಥ ಧಾರ್ಮಿಕ ಸಂಸ್ಥೆ, ವಿದ್ಯಾಸಂಸ್ಥೆ, ಆಸ್ಪತ್ರೆ, ಸರ್ಕಾರಿ ಕಚೇರಿ, ಸ್ಥಳೀಯ ಸಂಸ್ಥೆಯ ಕಚೇರಿ, ಇವುಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಬರಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಬರಬಾರದು. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಅಳತೆಯ ಮರ್ಮ. ನೂರು ಮೀಟರನ್ನು ಹಕ್ಕಿ ಹಾರುವ ಹಾಗೆ ನೇರವಾಗಿ ಅಳೆಯುವುದಲ್ಲ. ಮದ್ಯದಂಗಡಿಯ ಬಾಗಿಲಿನ ನಡುಮಧ್ಯದಿಂದ, ಮನುಷ್ಯ ಸಾಮಾನ್ಯವಾಗಿ ನಡೆದುಹೋಗುವ ಹತ್ತಿರದ ದಾರಿಯಲ್ಲಿ, ಶಾಲೆಯ ಹತ್ತಿರದ ಗೇಟಿನ ನಡುಮಧ್ಯಕ್ಕೆ. ಕಾಂಪೌಂಡು ಇಲ್ಲದಿದ್ದರೆ ಕಟ್ಟಡದ ಹತ್ತಿರದ ಬಾಗಿಲಿಗೆ.

ಇದರಲ್ಲಿ ಎಷ್ಟು ಆಟ ಇದೆ ನೋಡಿ. ಗೋಡೆಯಿಂದ ಗೋಡೆಗೆ 70 ಮೀಟರ್ ಇರಬಹುದು. ಅಂಗಡಿಯ ಬಾಗಿಲನ್ನು ಮುಖ್ಯರಸ್ತೆಯಿಂದ ಪಕ್ಕದ ಓಣಿಗೆ ತಿರುಗಿಸಿದರೆ ನಡಿಗೆಯ ದೂರ 110 ಆಗಬಹುದು. ಶಾಲೆಗೆ ಎರಡು ಗೇಟಿದ್ದು ಹಿಂದಿನ ಗೇಟಿಗೆ ಸದಾ ಬೀಗವಿದ್ದರೆ, ಆ ಗೇಟೇ ಇಲ್ಲ ಎಂದು ನಕ್ಷೆ ಬರೆದುಬಿಡಬಹುದು. ಮಕ್ಕಳು ಜಿಗಿದು ಬರುವ ಕಾಲುದಾರಿ ನಕ್ಷೆಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ನೀವೇ ಅಳೆಯಿರಿ. ಇಬ್ಬರು ಟೇಪು ಹಿಡಿಯಿರಿ, ಒಬ್ಬರು ಬರೆದುಕೊಳ್ಳಿ, ಒಬ್ಬರು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಿಂದಿನ ಗೇಟು ಬಳಕೆಯಲ್ಲಿದೆ ಎಂದು ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿಕೊಳ್ಳಿ.

ಶಾಲೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಇದು ನನ್ನ ಎದೆ ಚುಚ್ಚುವ ವಿಷಯ. ನಗರದ ಹಳೆಯ ಬೀದಿಗಳಲ್ಲಿ ಆ ನೂರು ಮೀಟರಿನ ರಕ್ಷಣೆ ಕೊಟ್ಟು ನಿಂತಿರುವುದು ಎಷ್ಟೋ ಕಡೆ ಸರ್ಕಾರಿ ಕನ್ನಡ ಶಾಲೆ. ಮಕ್ಕಳಿಲ್ಲ ಎಂದು ಆ ಶಾಲೆಗೆ ಬೀಗ ಬಿದ್ದ ದಿನ ಅಳೆಯುವುದು ಯಾವ ಗೇಟಿಗೆ? ಶಾಲೆಯೂ ಹೋಯಿತು, ಶಾಲೆ ಕಾಯುತ್ತಿದ್ದ ಬೀದಿಯೂ ಹೋಯಿತು. ಕನ್ನಡ ಶಾಲೆ ಉಳಿಸಿ ಎಂದಾಗ ಮೂಗು ಮುರಿಯುವ ನಮ್ಮದೇ ಬಡಾವಣೆಯ ದೊಡ್ಡ ಮನೆಯವರಿಗೆ ಈ ಲೆಕ್ಕವನ್ನು ತಿಳಿಸಿ ಹೇಳಿ.

ಹೆದ್ದಾರಿಯ ಕಥೆ ನೆನಪಿರಬೇಕು. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಎಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರ ಮಾರ್ಚಿನಲ್ಲಿ, 20,000ದವರೆಗೆ ಜನಸಂಖ್ಯೆ ಇರುವ ಊರಿಗೆ 220 ಮೀಟರ್ ಸಾಕು ಎಂದಿತು. ಅದೇ ಜುಲೈನಲ್ಲಿ, ಪುರಸಭೆ, ನಗರಸಭೆ ವ್ಯಾಪ್ತಿಯೊಳಗಿನ ಅಂಗಡಿಗೆ ಇದು ಅಡ್ಡಿಯಲ್ಲ ಎಂದು ಸ್ಪಷ್ಟಪಡಿಸಿತು. ತೀರ್ಪು ಒಳ್ಳೆಯ ಉದ್ದೇಶದ್ದೇ. ಆದರೆ ಹೆದ್ದಾರಿ ಬಿಟ್ಟ ಸನ್ನದು ಗಾಳಿಯಲ್ಲಿ ಕರಗಿಹೋಗುತ್ತದೆಯೇ? ಒಳಬೀದಿ ಹುಡುಕುತ್ತದೆ. ವೇಳೆಯದೂ ಹಾಗೆಯೇ. 2024ರಲ್ಲಿ ಬೆಂಗಳೂರಿನ ಪಾಲಿಕೆ ವ್ಯಾಪ್ತಿಯ ಬಾರ್‌ಗಳಿಗೆ ರಾತ್ರಿ 1 ಗಂಟೆವರೆಗೆ ಅವಕಾಶ ಕೊಟ್ಟರು. ಪಕ್ಕದ ಮನೆಯವರ ನಿದ್ದೆಯನ್ನು ಯಾರು ಕೇಳಿದರು?

ಈಗ ಕೆಲಸಕ್ಕೆ ಬನ್ನಿ. ಖಾಲಿ ಮಳಿಗೆಯಲ್ಲಿ ಕಬ್ಬಿಣದ ಗ್ರಿಲ್ಲಿನ ಕೌಂಟರ್ ಎದ್ದಿತು, ಇನ್ನೂ ಬೋರ್ಡಿಲ್ಲ ಎಂದು ಕಂಡರೆ ಅದೇ ದಿನ ವಿಚಾರಿಸಿ. ಗುಮಾನಿ ನಿಜವೆಂದು ಕಂಡರೆ ಜಿಲ್ಲಾಧಿಕಾರಿಗೂ ಅಬಕಾರಿ ಉಪ ಆಯುಕ್ತರಿಗೂ ಕನ್ನಡದಲ್ಲಿ ಆಕ್ಷೇಪಣೆ ಕೊಡಿ. ಒಂದು ಹಾಳೆ ಸಾಕು. ಕಟ್ಟಡದ ವಿಳಾಸ, ಶಾಲೆಯ ಹೆಸರು, ನೀವು ಅಳೆದ ದೂರ, ಅಳೆದ ದಾರಿ. ಜೊತೆಗೆ ಕೈನಕ್ಷೆ, ಫೋಟೋ, ಶಾಲೆಯ ಮಾನ್ಯತೆ ಪತ್ರ ಅಥವಾ ದೇವಸ್ಥಾನದ ನೋಂದಣಿ ಪತ್ರದ ಪ್ರತಿ. ಬೈಗುಳ ಬೇಡ, ಜಾತಿ ಮಾತು ಬೇಡ, ಮಾಲೀಕ ಯಾವ ಭಾಷೆಯವನು ಎಂಬುದಂತೂ ಬೇಡವೇ ಬೇಡ. 80 ಮೀಟರಿನಲ್ಲಿ ಕನ್ನಡಿಗ ಅಂಗಡಿ ಇಟ್ಟರೂ ಅದು 80 ಮೀಟರೇ. ಸ್ವೀಕೃತಿಯ ಮೊಹರು ಹಾಕಿಸದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.

ಅದೇ ದಿನ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಭಾಷಣ ಬರೆಯುವವರಿಗೆ ಇದು ಕಷ್ಟ! ಸ್ಥಳಾಂತರದ ಅರ್ಜಿ, ನಿರೀಕ್ಷಕರ ವರದಿ, ನಕ್ಷೆ, ಈ ಮೂರರ ಪ್ರತಿ ಕೇಳಿ. ಉತ್ತರಕ್ಕೆ 30 ದಿನ ಬೇಕು, ಅಷ್ಟರಲ್ಲಿ ಆದೇಶವೇ ಆಗಿಬಿಡಬಹುದು. ಅದಕ್ಕೇ ಆಕ್ಷೇಪಣೆ ಮೊದಲು, ಇದು ಆಮೇಲೆ. ನಕ್ಷೆ ಬಂದ ಮೇಲೆ ಅವರ ಅಳತೆ, ನಿಮ್ಮ ಅಳತೆ ಪಕ್ಕಪಕ್ಕ ಇಡಿ. ಸುಳ್ಳು ಎಲ್ಲಿದೆ ಎಂದು ಗೆರೆಯೇ ಹೇಳುತ್ತದೆ. ಜಿಲ್ಲಾ ಮಟ್ಟದ ಆದೇಶದ ಮೇಲೆ ಅಬಕಾರಿ ಆಯುಕ್ತರ ಮುಂದೆ ಮೇಲ್ಮನವಿ ಉಂಟು. ಅಲ್ಲಿಂದ ಮುಂದಿನದು ವಕೀಲರ ದಾರಿ.

ಆಕ್ಷೇಪಣೆಯ ಮಾದರಿ ಒಂದನ್ನು ಅಚ್ಚು ಹಾಕಿ ತಂದಿದ್ದೇನೆ. ವಿಳಾಸ, ದೂರ ತುಂಬುವ ಜಾಗ ಖಾಲಿ ಬಿಟ್ಟಿದ್ದೇನೆ. ಬಾಗಿಲ ಹತ್ತಿರ ಕಟ್ಟು ಇದೆ, ಬೀದಿಗೆ ಹತ್ತರಂತೆ ತೆಗೆದುಕೊಳ್ಳಿ, ದುಡ್ಡು ಬೇಡ. ಕಾಗದ ತಿಳಿನೀಲಿ ಯಾಕೆ ಎಂದು ಈಗ ನಿಮಗೆ ಗೊತ್ತು. 30 ಮೀಟರಿನ ಟೇಪು ನನ್ನ ಪ್ರೆಸ್ಸಿನಲ್ಲಿದೆ, ಬೇಕಾದವರು ಬಂದು ಒಯ್ಯಿರಿ. ಭಾನುವಾರ ಬೇಡ, ಅಂದು ನಮ್ಮ ಬೀದಿಯನ್ನು ನಾವೇ ಅಳೆಯುತ್ತೇವೆ.