ಡಾಂಗಲ್ ಬದಲಿಸೋ ಮುಂಚೆ ಪಿನ್ ನೋಡಿ: ಮುಲುಂಡ್‌ನಲ್ಲಿ ಧಾರವಾಡ 765

ಎಸ್‌ಡಿಆರ್ ಶುರು ಮಾಡಿದ ಗೆಳೆಯರು ನನ್ನನ್ನ ಕೇಳೋ ಮೊದಲ ಪ್ರಶ್ನೆ ಇದು: "ಯುಎಸ್‌ಬಿ 3 ಇರೋ ರಿಸೀವರ್ ತಗೊಳ್ಲಾ?"

ಲೆಕ್ಕ ಹಾಕೋಣ. ನಮ್ಮೆಲ್ಲರ ಹತ್ರ ಇರೋದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್. ಡಿಜಿಟಲ್ ಟಿವಿ ನೋಡೋಕೆ ಮಾಡಿದ್ದ ಚಿಪ್ಪು ಅದು. ಅದರಿಂದ ಕಚ್ಚಾ ಸ್ಯಾಂಪಲ್‌ಗಳನ್ನೇ ಹೊರಗೆ ತೆಗೀಬಹುದು ಅಂತ 2012ರಲ್ಲಿ ಹವ್ಯಾಸಿಗಳಿಗೆಲ್ಲ ಗೊತ್ತಾಯ್ತು. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್, ಒಂದೊಂದರಲ್ಲಿ ಐ ಮತ್ತು ಕ್ಯೂ ಎರಡು ಅಂಕಿ, ಅಂಕಿಗೆ 8 ಬಿಟ್. ಒಟ್ಟು 38.4 ಮೆಗಾಬಿಟ್. ಯುಎಸ್‌ಬಿ 2ರ ವೇಗ 480. ಅಂದ್ರೆ ರಸ್ತೆ ಖಾಲಿ ಇದೆ, ಗಾಡಿ ಚಿಕ್ಕದು. ಹ್ಯಾಕ್‌ಆರ್‌ಎಫ್ ಒನ್ ಸೆಕೆಂಡಿಗೆ 2 ಕೋಟಿ ಸ್ಯಾಂಪಲ್ ಕಳಿಸುತ್ತೆ, 320 ಮೆಗಾಬಿಟ್, ಅದೂ ಯುಎಸ್‌ಬಿ 2ರಲ್ಲೇ.

ಇಷ್ಟು ಲೆಕ್ಕ ಗೊತ್ತಿದ್ದೂ ನಾನು ಮೋಸ ಹೋದೆ. ಅದನ್ನೇ ಇವತ್ತು ಹೇಳ್ತೀನಿ.

ಅಮ್ಮ ಹೋದ ಮೇಲೆ ಅಪ್ಪನನ್ನ ನವಲಗುಂದದಿಂದ ಮುಲುಂಡ್‌ಗೆ ಕರ್ಕೊಂಡು ಬಂದೆ. ಏಳನೇ ಮಹಡಿ. ಮಾತು ಕಡಿಮೆ ಆಗಿತ್ತು. ಒಂದು ರಾತ್ರಿ ಕೇಳಿದ್ರು, "ಇಲ್ಲಿ ಧಾರವಾಡ ಸ್ಟೇಶನ್ ಹತ್ತೂದಿಲ್ಲೇನೋ ತಮ್ಮಾ?" ಫೋನ್‌ನಲ್ಲಿ ಆ್ಯಪ್ ಹಾಕಿ ಕೊಟ್ಟೆ. ಎರಡು ನಿಮಿಷ ಕೇಳಿ ವಾಪಸ್ ಕೊಟ್ರು. "ಇದು ಫೋನ್ ಆತು. ರೇಡಿಯೋ ಎಲ್ಲೈತಿ?"

ಧಾರವಾಡ ಆಕಾಶವಾಣಿ 1950ರಿಂದ ಇದೆ, ಮಧ್ಯಮ ತರಂಗ 765 ಕಿಲೋಹರ್ಟ್ಸ್. ಮುಲುಂಡ್‌ನಿಂದ ನೇರ ಗೆರೆ ಎಳೆದ್ರೆ ಸುಮಾರು 450 ಕಿಲೋಮೀಟರ್. ಹಗಲು ಬರೋದು ಕಷ್ಟ. ಸೂರ್ಯ ಮುಳುಗಿದ ಮೇಲೆ ಅಯಾನುಗೋಳದ ಕೆಳಪದರ ಕರಗಿ, ಅಲೆ ಮೇಲಿನ ಪದರಕ್ಕೆ ತಗುಲಿ ವಾಪಸ್ ಇಳಿಯುತ್ತೆ. ಸಾಧ್ಯ ಇದೆ ಅಂತ ಖುಷಿಯಾಯ್ತು. ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಕೇಬಲ್ ತಂದೆ, ಬಾಲ್ಕನಿ ಗ್ರಿಲ್‌ಗೆ ವೈರ್ ಕಟ್ಟಿದೆ, ಡಾಂಗಲನ್ನ ಡೈರೆಕ್ಟ್ ಸ್ಯಾಂಪ್ಲಿಂಗ್‌ಗೆ ಹಾಕಿದೆ. 558 ಬಂತು, 1044 ಬಂತು. ಎರಡೂ ಮುಂಬೈ ಆಕಾಶವಾಣಿ. 765ರಲ್ಲಿ ಬರೀ ಗುಂಯ್.

ಎಂಟೆಕ್ ಮಾಡಿದವನ ತಲೆ ಏನು ಹೇಳುತ್ತೆ? 8 ಬಿಟ್ ಸಾಲದು! ಒಂದು ಬಿಟ್‌ಗೆ ಸುಮಾರು 6 ಡೆಸಿಬಲ್ ಅಂತ ಲೆಕ್ಕ. ಮಾಲಾಡ್‌ನ ಪ್ರಸಾರ ಕೇಂದ್ರ ಗುಡ್ಡದ ಆಚೆಗೇ ಇದೆ, ಅದರ ಅಬ್ಬರದಲ್ಲಿ ಧಾರವಾಡದ ಪಿಸುಮಾತು ಕೊನೆಯ ಬಿಟ್‌ಗಿಂತ ಕೆಳಗೆ ಹೋಗುತ್ತೆ. ವಾದ ಸುಳ್ಳಲ್ಲ. 14 ಬಿಟ್ ರಿಸೀವರ್ ತರಿಸಿದೆ. ಬೆಲೆ ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ. ಹಾಕಿದೆ, ಅದೇ ಗುಂಯ್.

ಅಪ್ಪ ಪಕ್ಕದಲ್ಲಿ ಕನ್ನಡಕ ಹಾಕ್ಕೊಂಡು ಕೇಬಲ್ ತುದಿ ನೋಡ್ತಾ ಕೂತಿದ್ರು. "ಇದರಾಗೂ ತೂತು, ಅದರಾಗೂ ತೂತು. ಕಡ್ಡಿ ಎಲ್ಲೈತಿ?"

ನೋಡಿ, ರಿಸೀವರ್‌ನಲ್ಲಿ ಇರೋದು ಎಸ್‌ಎಂಎ ಸಾಕೆಟ್, ನಡುವೆ ತೂತು. ಕೇಬಲ್ ತುದಿಯಲ್ಲಿ ಪಿನ್ ಇರ್ಬೇಕು. ನಾನು ಅಂಗಡಿಯಲ್ಲಿ ಕೇಳಿದ್ದು "ವೈಫೈ ಆಂಟೆನಾ ಕೇಬಲ್". ವೈಫೈ ರೂಟರ್‌ಗಳದ್ದು ಆರ್‌ಪಿ-ಎಸ್‌ಎಂಎ, ಅಂದ್ರೆ ತಿರುವುಮುರುವು. ಜನ ಕಂಡಕಂಡ ಆಂಟೆನಾ ಸಿಕ್ಕಿಸಬಾರದು ಅಂತ ಅಮೆರಿಕದ ನಿಯಮ ಇತ್ತು, ಅದಕ್ಕೆ ತಯಾರಕರು ಪಿನ್ನು-ತೂತು ಅದಲುಬದಲು ಮಾಡಿದ್ರು. ಥ್ರೆಡ್ ಮಾತ್ರ ಅದೇ. ಹಾಗಾಗಿ ಚೆನ್ನಾಗಿ ಬಿಗಿಯಾಗುತ್ತೆ, ಒಳಗೆ ಎರಡು ತೂತು ಎದುರುಬದುರು, ಮಧ್ಯೆ ಗಾಳಿ. ಮಾಲಾಡ್‌ನಂಥ ಜೋರು ಸ್ಟೇಶನ್ ಆ ಗಾಳಿ ದಾಟಿಯೂ ಸೋರಿ ಬರ್ತಿತ್ತು, ಅದಕ್ಕೇ ನನಗೆ ಕನೆಕ್ಟರ್ ಮೇಲೆ ಅನುಮಾನ ಬರಲಿಲ್ಲ.

ಸರಿಯಾದ ತುದಿ ಹಾಕಿದ ಮೇಲೆ ಹಳೇ ಡಾಂಗಲ್‌ಗೇ ವಾಪಸ್ ಬಂದೆ. ಈಗ ಮಾಲಾಡ್ ನಿಜಕ್ಕೂ ಮುಳುಗಿಸ್ತಿತ್ತು. ಅದಕ್ಕೆ ಲೂಪ್ ಕಟ್ಟಿದ್ವಿ: ಮೀಟರ್ ಉದ್ದಗಲದ ಮರದ ಚೌಕಟ್ಟು, ಏಳು ಸುತ್ತು ತಂತಿ, ಹಳೇ ರೇಡಿಯೋದ ಗ್ಯಾಂಗ್ ಕಂಡೆನ್ಸರ್, ರಿಸೀವರ್‌ಗೆ ಹೋಗೋಕೆ ಬೇರೆ ಒಂದು ಸುತ್ತು. ಕಂಡೆನ್ಸರ್ ತಿರುಗಿಸಿ 765ಕ್ಕೆ ಟ್ಯೂನ್ ಮಾಡಿದ್ರೆ 558, 1044 ತಾವಾಗೇ ತಗ್ಗುತ್ತವೆ. ಇನ್ನೊಂದು ಅದೃಷ್ಟ. ಲೂಪ್ ತನ್ನ ಅಗಲ ಮುಖ ತೋರಿಸಿದ ದಿಕ್ಕಿಗೆ ಕಿವುಡು. ಮುಲುಂಡ್‌ನಿಂದ ಮಾಲಾಡ್ ಹೆಚ್ಚುಕಡಿಮೆ ನೇರ ಪಶ್ಚಿಮ, ಧಾರವಾಡ ಆಗ್ನೇಯಕ್ಕೆ, ದಕ್ಷಿಣದ ಕಡೆ ವಾಲಿಕೊಂಡು. ಮುಖ ಪಶ್ಚಿಮಕ್ಕೆ ಮಾಡಿ ನಿಲ್ಲಿಸಿದ್ರೆ ಮಾಲಾಡ್ ಕುಗ್ಗಿತು, ಧಾರವಾಡದ ಕಡೆ ಕಿವಿ ತೆರೆದೇ ಇತ್ತು.

ಕೇಬಲ್‌ಗೆ ಟಿವಿಯವರ 75 ಓಮ್‌ನದ್ದೇ ಹಾಕಿದೀನಿ. 50 ಓಮ್ ರಿಸೀವರ್‌ಗೆ ಅದು ಸೇರಿದಾಗ ಶಕ್ತಿಯ 4 ಪರ್ಸೆಂಟ್ ಮಾತ್ರ ವಾಪಸ್ ಹೋಗುತ್ತೆ, ತಲೆ ಕೆಡಿಸ್ಕೋಬೇಡಿ. ತಲೆ ಕೆಡಿಸ್ಕೋಬೇಕಾದ್ದು ಲ್ಯಾಪ್‌ಟಾಪ್ ಚಾರ್ಜರ್ ಬಗ್ಗೆ. ಅದನ್ನ ಕಿತ್ತ ತಕ್ಷಣ ವಾಟರ್‌ಫಾಲ್ ಮೇಲಿದ್ದ ಅರ್ಧ ಗೆರೆ ಮಾಯ, ಮಧ್ಯೆ 765ರ ಗೆರೆ ತೆಳ್ಳಗೆ ಎದ್ದು ನಿಂತಿತ್ತು. ಒಂದು ಕನ್ನಡದ ದನಿ, ತೇಲಿ ಹೋಗಿ ಮತ್ತೆ ಬಂತು.

ಆ್ಯಪ್‌ನಲ್ಲಿ ಇದಕ್ಕಿಂತ ಸ್ವಚ್ಛವಾಗಿ ಕೇಳುತ್ತಲ್ವಾ ಅಪ್ಪಾ ಅಂದೆ. "ಸುಮ್ನಿರೋ," ಅಂದ್ರು, "ನವಲಗುಂದದಾಗೂ ಮಳಿಗಾಲದಾಗ ಹಿಂಗ ಬರತಿತ್ತು."

14 ಬಿಟ್ ಪೆಟ್ಟಿಗೆ ಈಗ ಕಪಾಟಿನಲ್ಲಿದೆ. ರಾತ್ರಿ ಒಂಬತ್ತಾದ್ರೆ ನಾನು ಕಾಲ್‌ನಲ್ಲಿದ್ರೂ ಅಪ್ಪ ಬಂದು ಚಾರ್ಜರ್ ಕೀಳ್ತಾರೆ.