ಲಯಕ್ಕೊಂದು ಕಾಲೇಜು

ದೊಡ್ಡಬಳ್ಳಾಪುರದ ಬಳಿಯ ರಾಜಘಟ್ಟದಂಥ ಊರುಗಳಲ್ಲಿ ಹಬ್ಬ ಬಂತೆಂದರೆ ಮೊದಲು ಕಿವಿಗೆ ಬೀಳುವುದು ತಮಟೆ. ಉರಿಗೆ ಹಿಡಿದು ಚರ್ಮವನ್ನು ಬಿಗಿಮಾಡುವುದನ್ನೂ ಕೋಲಿನ ಪೆಟ್ಟನ್ನೂ ಹುಡುಗರು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯುವರು. ಹಾಜರಿ ಪಟ್ಟಿಯಿಲ್ಲ, ಪರೀಕ್ಷೆಯಿಲ್ಲ. ಹೀಗಿರುವಾಗ ತಾಳವಾದ್ಯಕ್ಕೊಂದು ಕಾಲೇಜು ಏಕೆಂದು ತಾವು ಕೇಳಬಹುದು.

ಈ ಪ್ರಶ್ನೆಗೆ ತಮ್ಮ ಕೆಲಸದಿಂದಲೇ ಉತ್ತರ ಕೊಟ್ಟವರು ಬೆಂಗಳೂರಿನ ಮೃದಂಗ ವಿದ್ವಾಂಸ ಟಿ. ಎ. ಎಸ್. ಮಣಿಯವರು. 1964ರಲ್ಲಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸ್ಥಾಪಿಸಿದರು. ಕಛೇರಿಯಲ್ಲಿ ಮೃದಂಗದವರು ಪಕ್ಕವಾದ್ಯದವರು. ಘಟ, ಖಂಜಿರ, ಮೋರ್ಚಿಂಗ್‌ನವರು ಉಪಪಕ್ಕವಾದ್ಯದವರು. ಗಾಯಕರು ಬಿಟ್ಟುಕೊಟ್ಟ ತನಿಯ ಹೊತ್ತಷ್ಟೇ ಅವರ ಸ್ವಂತದ್ದು. ಆ ಹೊತ್ತಿಗೇ ಸಭಿಕರು ಕಾಫಿಗೆ ಏಳುವುದನ್ನು ತಾವೂ ಕಂಡಿರಬೇಕು! ಮಣಿಯವರು ಈ ವಾದ್ಯಗಳನ್ನೇ ಮುಂದಿನ ಸಾಲಿಗೆ ತಂದು ಮೇಳ ಕಟ್ಟಿದರು. ಅವರೂ ಅವರ ಪತ್ನಿ, ಗಾಯಕಿ ಆರ್. ಎ. ರಮಾಮಣಿಯವರೂ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅವರೊಡನೆ ನುಡಿಸಿ ಹಾಡಿದ ‘ಜ್ಯೋತಿ’ 1983ರಲ್ಲಿ ಮುದ್ರಿತವಾಯಿತು.

ಇದು ಹೇಗೆ ಸಾಧ್ಯವಾಯಿತು? ಲಯದ ಪಾಠ ಶುರುವಾಗುವುದು ವಾದ್ಯದಿಂದಲ್ಲ, ಬಾಯಿಂದ. ತ, ದಿ, ತೊಂ, ನಂ: ಈ ನಾಲ್ಕು ಸೊಲ್ಲುಗಳನ್ನು ಕೈಯಲ್ಲಿ ತಾಳ ಹಾಕುತ್ತ, ಒಂದನೆಯ, ಎರಡನೆಯ, ಮೂರನೆಯ ಕಾಲಗಳಲ್ಲಿ ಹೇಳಬೇಕು. ಲೆಕ್ಕ ನಾಲಿಗೆಯಲ್ಲಿ ನಿಂತ ಮೇಲೆ ಬೆರಳಿಗೆ ಕೆಲಸ. ಈ ಪಾಠಕ್ಕೆ ಯಾವ ಭಾಷೆಯವರಾದರೂ ಕೂರಬಹುದು.

ವಿಶ್ವವಿದ್ಯಾಲಯಗಳಿಗೂ ಇದು ಒಪ್ಪಿತವಾಯಿತು. ತಮಿಳುನಾಡಿನ ತಿರುಚ್ಚಿ ಶಂಕರನ್ 1971ರಲ್ಲಿ ಕೆನಡದ ಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ, ಮೃದಂಗ ಹೇಳಿಕೊಡುತ್ತಲೇ ಪ್ರಾಧ್ಯಾಪಕರಾದರು, ಕಛೇರಿಯನ್ನೂ ಬಿಡಲಿಲ್ಲ. ಟೊರಾಂಟೊದ ಆ ತರಗತಿಯಲ್ಲಿಯೂ ವಿದ್ಯಾರ್ಥಿಗಳು ಸೊಲ್ಲುಗಳನ್ನೇ ಬಾಯಿಪಾಠ ಮಾಡಿದರು.